ಮುಲಾಮಿಗೆ ಬಗ್ಗದ ‘ಗಜಕರ್ಣ’: ವೃಷಣಚೀಲದ ಕ್ಯಾನ್ಸರ್ ಬಗ್ಗೆ ಕಾರ್ಮಿಕರು ತಿಳಿಯಬೇಕಾದದ್ದು

ಬೆಳಗಾವಿ: ಖಾನಾಪುರ ರಸ್ತೆಗೆ ಹೊಂದಿಕೊಂಡಿರುವ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ, ಲೇತ್ ಹಾಗೂ ಬಿಡಿಭಾಗಗಳ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ತೊಡೆಸಂದಿಯ ತುರಿಕೆ ಹೊಸತೇನಲ್ಲ. ಕುಲುಮೆಯ ಕಾವು, ದಿನವಿಡೀ ಸುರಿಯುವ ಬೆವರು, ಎಣ್ಣೆ ಹಿಡಿದ ಪ್ಯಾಂಟು, ಮಳೆಗಾಲದಲ್ಲಿ ಒಣಗದ ಒಳಉಡುಪು ಇವೆಲ್ಲ ಸೇರಿ ಗಜಕರ್ಣ ಅಥವಾ ಹುಳುಕಡ್ಡಿ ಎಂದು ಕರೆಯಲಾಗುವ ಶಿಲೀಂಧ್ರ ಸೋಂಕಿಗೆ ಹದವಾದ ನೆಲವನ್ನು ಒದಗಿಸುತ್ತವೆ. ಪಾಳಿ ಮುಗಿಸಿ ಮನೆಗೆ ಮರಳುವಾಗ ಔಷಧ ಅಂಗಡಿಯಲ್ಲಿ ಒಂದು ಟ್ಯೂಬ್ ಮುಲಾಮು ಕೊಳ್ಳುವುದು, ನಾಲ್ಕು ದಿನ ಹಚ್ಚಿ ಮರೆಯುವುದು ವಾಡಿಕೆ. ಬಹುತೇಕ ಸಂದರ್ಭಗಳಲ್ಲಿ ಇದು ಸೋಂಕೇ ಆಗಿರುತ್ತದೆ ಎಂಬುದೂ ನಿಜ.

ಆದರೆ ಅತಿ ವಿರಳವಾಗಿ, ಅದೇ ಜಾಗದಲ್ಲಿ ಕಾಣಿಸಿಕೊಳ್ಳುವ ಕೆಂಪು ಮಚ್ಚೆ, ಗಂಟು ಅಥವಾ ಮಾಯದ ಹುಣ್ಣು ಸೋಂಕಾಗಿರದೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಇರುತ್ತದೆ. ವೃಷಣಚೀಲದ ಚರ್ಮದ ಈ ಕ್ಯಾನ್ಸರ್ ವೈದ್ಯರೂ ತಮ್ಮ ವೃತ್ತಿಜೀವನದಲ್ಲಿ ಒಂದೆರಡು ಬಾರಿಗಿಂತ ಹೆಚ್ಚು ಕಾಣದಂಥ ರೋಗ. ಪಾಶ್ಚಾತ್ಯ ದೇಶಗಳ ಅಂದಾಜಿನಂತೆ ವರ್ಷಕ್ಕೆ 10 ಲಕ್ಷ ಪುರುಷರಲ್ಲಿ ಒಬ್ಬರು ಅಥವಾ ಇಬ್ಬರಿಗೆ ಇದು ಬರುತ್ತದೆ. ಇಷ್ಟು ಅಪರೂಪದ ರೋಗದ ಬಗ್ಗೆ ಉದ್ಯಮಬಾಗದ ಕಾರ್ಮಿಕರು ಏಕೆ ತಿಳಿಯಬೇಕು ಎಂಬ ಪ್ರಶ್ನೆ ಸಹಜ. ಯಾವ ಕೆಲಸದಿಂದ ಬರುತ್ತದೆ ಎಂದು ವೈದ್ಯಶಾಸ್ತ್ರ ಮೊಟ್ಟಮೊದಲು ಗುರುತಿಸಿದ ಕ್ಯಾನ್ಸರ್ ಇದು. ಮಸಿ, ಟಾರ್ ಹಾಗೂ ಯಂತ್ರಗಳಿಗೆ ಬಳಸುವ ಖನಿಜ ತೈಲದೊಂದಿಗೆ ಇದಕ್ಕೆ ಎರಡೂವರೆ ಶತಮಾನಗಳ ನಂಟಿದೆ. ಅಷ್ಟೇ ದೀರ್ಘಕಾಲದಿಂದ ಅದನ್ನು ಸೋಂಕೆಂದು ತಪ್ಪಾಗಿ ಭಾವಿಸುತ್ತಲೂ ಬರಲಾಗಿದೆ.

ಇದು ವೃಷಣದ ಕ್ಯಾನ್ಸರ್ ಅಲ್ಲ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ವೃಷಣದ ಕ್ಯಾನ್ಸರ್ ಬೇರೆ, ವೃಷಣಚೀಲದ ಕ್ಯಾನ್ಸರ್ ಬೇರೆ. ವೃಷಣದ ಕ್ಯಾನ್ಸರ್ ಚೀಲದೊಳಗಿನ ಗ್ರಂಥಿಯಲ್ಲಿ ಹುಟ್ಟುತ್ತದೆ. ಸಾಮಾನ್ಯವಾಗಿ ಯುವಕರಲ್ಲಿ, ನೋವಿಲ್ಲದ ಊತವಾಗಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಹೇಳುತ್ತಿರುವುದು ಆ ಗ್ರಂಥಿಗಳನ್ನು ಹೊದ್ದಿರುವ ಚೀಲದ ಹೊರಚರ್ಮದ ಕ್ಯಾನ್ಸರ್. ಇದು ಹೆಚ್ಚಾಗಿ 50 ವರ್ಷ ದಾಟಿದವರಲ್ಲಿ ಕಂಡುಬರುತ್ತದೆ.

ಚರ್ಮದ ಈ ಕ್ಯಾನ್ಸರ್‌ಗಳಲ್ಲಿ ಹಲವು ಬಗೆಗಳಿವೆ. ಮುಖ್ಯವಾದುದು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ಚರ್ಮದ ಮೇಲ್ಪದರದ ಚಪ್ಪಟೆ ಜೀವಕೋಶಗಳಲ್ಲಿ ಹುಟ್ಟುವ ಇದು ಸಣ್ಣ ನರುಳ್ಳೆಯಂತೆ ಅಥವಾ ಗಟ್ಟಿ ಗುಳ್ಳೆಯಂತೆ ಆರಂಭವಾಗಿ ಕ್ರಮೇಣ ಒಡೆದು ಹುಣ್ಣಾಗುತ್ತದೆ. ಎರಡನೆಯದು ಸ್ತನದ ಹೊರಗಿನ ಪ್ಯಾಜೆಟ್ ರೋಗ. ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 1874ರಲ್ಲಿ ಸ್ತನದ ತೊಟ್ಟಿನ ಮೇಲೆ ಇಸಬಿನಂತೆ ಕಾಣುವ ಕ್ಯಾನ್ಸರ್ ಒಂದನ್ನು ವರ್ಣಿಸಿದರು. 1889ರಲ್ಲಿ ಚರ್ಮತಜ್ಞ ರಾಡ್‌ಕ್ಲಿಫ್ ಕ್ರಾಕರ್ ಅದೇ ರೋಗವನ್ನು ಪುರುಷನ ಜನನಾಂಗ ಹಾಗೂ ವೃಷಣಚೀಲದ ಮೇಲೆ ಗುರುತಿಸಿದರು. ಈ ಎರಡನೆಯ ಬಗೆಗೂ ಎಣ್ಣೆ ಅಥವಾ ಮಸಿಗೂ ಸಂಬಂಧವಿಲ್ಲ. ಆದರೆ ಸೋಂಕಿನ ವೇಷ ಧರಿಸುವುದರಲ್ಲಿ ಇದು ಮೊದಲನೆಯದನ್ನೂ ಮೀರಿಸುತ್ತದೆ. ಅಂಚು ಎದ್ದುಕಾಣುವ, ಹೊಟ್ಟೇಳುವ, ತುರಿಸುವ ಕೆಂಪು ಮಚ್ಚೆ ನೋಟಕ್ಕೆ ಥೇಟ್ ಗಜಕರ್ಣದಂತಿರುತ್ತದೆ. ರೋಗಿಗಳು ತಿಂಗಳುಗಳಷ್ಟೇ ಅಲ್ಲ, ವರ್ಷಗಳ ಕಾಲ ಶಿಲೀಂಧ್ರಕ್ಕೆಂದೋ ಇಸಬಿಗೆಂದೋ ಮುಲಾಮು ಹಚ್ಚಿಕೊಂಡು ಕಾಲ ಕಳೆದ ಬಗ್ಗೆ ವೈದ್ಯಕೀಯ ವರದಿಗಳು ಮತ್ತೆ ಮತ್ತೆ ಹೇಳುತ್ತವೆ.

ಗುರುತು ತಪ್ಪುವುದು ಹೇಗೆ?

ತಪ್ಪು ಗ್ರಹಿಕೆಗೆ ಮೊದಲ ಕಾರಣ, ನಿಜವಾದ ಸೋಂಕೇ ಅತಿ ವ್ಯಾಪಕವಾಗಿರುವುದು. ಕಳೆದ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಭಾರತದಲ್ಲಿ ಗಜಕರ್ಣ ಮೊದಲಿನಂತೆ ಎರಡು ವಾರಗಳಲ್ಲಿ ಮಾಯುತ್ತಿಲ್ಲ. ಸಾಮಾನ್ಯ ಔಷಧವಾದ ಟರ್ಬಿನಾಫಿನ್‌ಗೆ ಬಗ್ಗದ ಶಿಲೀಂಧ್ರ ಪ್ರಭೇದವೊಂದು ಹರಡಿದೆ. ಭಾರತ ಮತ್ತು ನೇಪಾಳದ ರೋಗಿಗಳಲ್ಲಿ ಕಂಡುಬಂದ ಈ ಪ್ರಭೇದಕ್ಕೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ‘ಟ್ರೈಕೊಫೈಟನ್ ಇಂಡೋಟಿನಿಯೆ’ ಎಂದು ಹೆಸರಿಟ್ಟರು. ಸೋಂಕೇ ತಿಂಗಳುಗಟ್ಟಲೆ ಇರುವುದು ಮಾಮೂಲಾದಾಗ, ವಾಸಿಯಾಗದ ಮಚ್ಚೆಯ ಬಗ್ಗೆ ಯಾರಿಗೂ ಸಂಶಯ ಮೂಡುವುದಿಲ್ಲ.

ಎರಡನೆಯ ಕಾರಣ, ಅಂಗಡಿಯಲ್ಲಿ ಸಿಗುವ ಮಿಶ್ರ ಮುಲಾಮುಗಳು. ಶಿಲೀಂಧ್ರನಾಶಕ, ಜೀವಿರೋಧಕ ಮತ್ತು ಪ್ರಬಲ ಸ್ಟಿರಾಯ್ಡ್ ಮೂರನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸಿದ ಔಷಧಗಳಿವು. ಸ್ಟಿರಾಯ್ಡ್ ಎರಡು ದಿನಗಳಲ್ಲೇ ತುರಿಕೆ ಹಾಗೂ ಕೆಂಪನ್ನು ಇಳಿಸುತ್ತದೆ, ಆದರೆ ಮೂಲ ರೋಗವನ್ನು ತೊಡೆಯುವುದಿಲ್ಲ. ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ‘ಎಚ್’ ಅನುಸೂಚಿಗೆ ಸೇರಿಸಿತು. ಹಾಗಿದ್ದರೂ ಚೀಟಿ ಕೇಳದೆ ಮಾರುವ ರೂಢಿ ನಿಂತಿಲ್ಲ.

ವೃಷಣಚೀಲದ ಚರ್ಮದ ಸ್ವಭಾವವನ್ನು ಅರಿತರೆ ಈ ಅಪಾಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಮೆರಿಕದ ಸಂಶೋಧಕರಾದ ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೈಡ್ರೊಕಾರ್ಟಿಸೋನ್ ಎಂಬ ಸ್ಟಿರಾಯ್ಡನ್ನು ಮುಂಗೈಯ ಚರ್ಮ ಹೀರುವುದಕ್ಕಿಂತ 42 ಪಟ್ಟು ಹೆಚ್ಚಾಗಿ ವೃಷಣಚೀಲದ ಚರ್ಮ ಹೀರುತ್ತದೆ ಎಂದು ತೋರಿಸಿದ್ದರು. ಈ ಚರ್ಮ ತೆಳು, ಸುಕ್ಕುಗಳಿಂದ ಕೂಡಿದ್ದು, ಸದಾ ಬೆಚ್ಚಗೆ, ತೇವದಿಂದಿರುತ್ತದೆ. ಮುಲಾಮು ಅಷ್ಟು ವೇಗವಾಗಿ ಒಳಸೇರುವ ಜಾಗದ ಸುಕ್ಕುಗಳಲ್ಲಿ ಮಸಿಯೂ ಎಣ್ಣೆಯೂ ಸುಲಭವಾಗಿ ತಂಗುತ್ತವೆ.

ಮೂರನೆಯ ಕಾರಣ ನಾಚಿಕೆ. ಕೈಮೇಲಿನ ಹುಣ್ಣನ್ನು ತೋರಿಸಲು ಹಿಂಜರಿಯದವರೂ ಇದನ್ನು ಹೆಂಡತಿಗೂ ಹೇಳುವುದಿಲ್ಲ. ವೈದ್ಯರ ಬಳಿ ಹೋದರೂ ‘ಅಲ್ಲಿ ತುರಿಕೆ’ ಎಂದಷ್ಟೇ ಹೇಳಿ, ತೋರಿಸದೆ ಚೀಟಿ ಬರೆಸಿಕೊಂಡು ಬರುವವರಿದ್ದಾರೆ. ಕಣ್ಣಿಗೆ ಬೀಳದ ರೋಗವನ್ನು ಯಾವ ವೈದ್ಯರೂ ಗುರುತಿಸಲಾರರು.

ಮಸಿಯಿಂದ ಎಣ್ಣೆಯವರೆಗೆ

ಈ ತಪ್ಪು ಇಂದಿನದಲ್ಲ. ಲಂಡನ್ನಿನ ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಚಿಮಣಿ ಗುಡಿಸುವವರ ವೃಷಣಚೀಲದ ಕ್ಯಾನ್ಸರ್ ಬಗ್ಗೆ ಬರೆದರು. ಆ ಕಾಲದಲ್ಲಿ ಇಕ್ಕಟ್ಟಾದ ಚಿಮಣಿಗಳೊಳಗೆ ಚಿಕ್ಕ ಹುಡುಗರನ್ನು ಹತ್ತಿಸಿ ಮಸಿ ಕೆರೆಸಲಾಗುತ್ತಿತ್ತು. ಆ ಕಸುಬಿನವರು ‘ಮಸಿ ನರುಳ್ಳೆ’ ಎಂದು ಕರೆಯುತ್ತಿದ್ದ ಹುಣ್ಣನ್ನು ರೋಗಿಗಳಷ್ಟೇ ಅಲ್ಲ, ವೈದ್ಯರೂ ಲೈಂಗಿಕ ಸೋಂಕೆಂದು ಭಾವಿಸಿ ಪಾದರಸದ ಔಷಧ ಕೊಡುತ್ತಿದ್ದರು ಎಂದು ಪಾಟ್ ದಾಖಲಿಸಿದ್ದಾರೆ. ಆ ಔಷಧದಿಂದ ಹುಣ್ಣು ಇನ್ನಷ್ಟು ಕೆರಳುತ್ತಿತ್ತೇ ಹೊರತು ಮಾಯುತ್ತಿರಲಿಲ್ಲ. ಕಾರಣ ಸೋಂಕಲ್ಲ, ಚರ್ಮದ ಸುಕ್ಕುಗಳಲ್ಲಿ ತಂಗಿದ ಮಸಿ ಎಂದು ಅವರು ವಾದಿಸಿದರು. ಕೆಲಸಕ್ಕೂ ಕ್ಯಾನ್ಸರ್‌ಗೂ ಇರುವ ಸಂಬಂಧವನ್ನು ವೈದ್ಯಶಾಸ್ತ್ರ ಗುರುತಿಸಿದ್ದು ಅದೇ ಮೊದಲು.

ಒಂದು ಶತಮಾನದ ಬಳಿಕ, 1892ರಲ್ಲಿ, ಅದೇ ಆಸ್ಪತ್ರೆಯ ಹೆನ್ರಿ ಬಟ್ಲಿನ್ ಇನ್ನೊಂದು ಪ್ರಶ್ನೆಯನ್ನು ಎತ್ತಿಕೊಂಡರು. ಇಂಗ್ಲೆಂಡಿನ ಚಿಮಣಿ ಕೆಲಸಗಾರರಿಗೆ ಬರುವ ಈ ರೋಗ ಯುರೋಪಿನ ಇತರ ದೇಶಗಳವರಿಗೆ ಏಕೆ ಬಾರದು? ಜರ್ಮನಿ ಮುಂತಾದೆಡೆ ಕೆಲಸಗಾರರು ಮೈಗಂಟುವ ಬಿಗಿಯಾದ ಉಡುಪು ತೊಟ್ಟು ಮಸಿ ಒಳಸೇರದಂತೆ ನೋಡಿಕೊಳ್ಳುತ್ತಿದ್ದರು, ಕೆಲಸ ಮುಗಿದ ಮೇಲೆ ಪ್ರತಿದಿನ ಮೈ ತೊಳೆಯುತ್ತಿದ್ದರು. ಬಟ್ಟೆ ಮತ್ತು ಸ್ನಾನ ಎರಡೇ ಈ ರೋಗವನ್ನು ದೂರವಿಡಬಲ್ಲವು ಎಂಬುದು ಅಂದಿನ ಪಾಠ. ಇಂದಿಗೂ ಅದು ಹಳತಾಗಿಲ್ಲ.

1915ರಲ್ಲಿ ಟೋಕಿಯೊದ ಯಾಮಾಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಟಾರ್ ಬಳಿದು ಕ್ಯಾನ್ಸರ್ ಹುಟ್ಟಿಸಿ ತೋರಿಸಿದರು. 1930ರ ದಶಕದ ಆರಂಭದಲ್ಲಿ ಲಂಡನ್ನಿನ ವಿಜ್ಞಾನಿಗಳು ಟಾರ್‌ನಿಂದ ಬೆಂಜೊಪೈರೀನ್ ಎಂಬ ಕ್ಯಾನ್ಸರ್‌ಕಾರಕ ರಾಸಾಯನಿಕವನ್ನು ಬೇರ್ಪಡಿಸಿದರು. ಸರಿಯಾಗಿ ಸಂಸ್ಕರಿಸದ ಖನಿಜ ತೈಲದಲ್ಲಿಯೂ ಇದೇ ಗುಂಪಿನ ರಾಸಾಯನಿಕಗಳಿರುತ್ತವೆ.

ಎಣ್ಣೆಯ ಪಾತ್ರ ಬಯಲಾದದ್ದು ಮ್ಯಾಂಚೆಸ್ಟರ್‌ನ ಹತ್ತಿಗಿರಣಿಗಳಲ್ಲಿ. ಅಲ್ಲಿನ ನೂಲುವ ಯಂತ್ರದ ಕದಿರುಗಳಿಗೆ ಖನಿಜ ತೈಲ ಹಾಕಲಾಗುತ್ತಿತ್ತು. ಯಂತ್ರದ ಮೇಲೆ ಬಾಗುತ್ತಿದ್ದ ನೂಲುಗಾರರ ಪ್ಯಾಂಟಿನ ಮುಂಭಾಗ ಸದಾ ಎಣ್ಣೆಯಲ್ಲಿ ತೊಯ್ದಿರುತ್ತಿತ್ತು. ಮ್ಯಾಂಚೆಸ್ಟರ್ ರಾಯಲ್ ಇನ್‌ಫರ್ಮರಿ ಆಸ್ಪತ್ರೆಗೆ 1902ರಿಂದ 1922ರವರೆಗೆ ಬಂದ ವೃಷಣಚೀಲ ಕ್ಯಾನ್ಸರ್‌ನ 141 ರೋಗಿಗಳ ಪೈಕಿ 69 ಮಂದಿ ಇಂಥ ನೂಲುಗಾರರಾಗಿದ್ದರು ಎಂದು ಸೌದಮ್ ಮತ್ತು ವಿಲ್ಸನ್ ಎಂಬ ವೈದ್ಯರು 1922ರಲ್ಲಿ ವರದಿ ಮಾಡಿದರು. ಆದರೆ ಈ ಗಿರಣಿಗಳಿಗಾಗಿ ಸುರಕ್ಷಿತ ಎಣ್ಣೆ ಹಾಗೂ ನಿಯತ ವೈದ್ಯಕೀಯ ತಪಾಸಣೆಯನ್ನು ಕಡ್ಡಾಯಗೊಳಿಸುವ ವಿಶೇಷ ನಿಯಮ ಬ್ರಿಟನ್‌ನಲ್ಲಿ ರೂಪುಗೊಂಡದ್ದು 1953ರಲ್ಲಿ. ನಡುವೆ ಮೂರು ದಶಕಗಳು ಕಳೆದಿದ್ದವು.

ಅಷ್ಟರಲ್ಲಿ ರೋಗ ಬರ್ಮಿಂಗ್‌ಹ್ಯಾಮ್‌ನ ಲೇತ್‌ಗಳ ಬಳಿ ಬಂದಿತ್ತು. ಸ್ವಯಂಚಾಲಿತ ಯಂತ್ರಗಳಿಗೆ ಟೂಲ್ ಹೊಂದಿಸುತ್ತಿದ್ದವರ ಮೈಮೇಲೆ ಕಟಿಂಗ್ ಆಯಿಲ್ ಎರಚುತ್ತಿತ್ತು. ಕೈಯೊರೆಸಿದ ಎಣ್ಣೆಬಟ್ಟೆಯನ್ನು ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಳ್ಳುವ ಅಭ್ಯಾಸವೂ ಇತ್ತು. ಗೆಸ್ಟ್, ಕೀನ್ ಅಂಡ್ ನೆಟಲ್‌ಫೋಲ್ಡ್ ಸಮೂಹದ ಬೋಲ್ಟು-ನಟ್ಟು ಕಾರ್ಖಾನೆಯಲ್ಲಿ ಟೂಲ್ ಸೆಟ್ಟರ್ ಆಗಿದ್ದ ಕಾರ್ಮಿಕನೊಬ್ಬ ಇದೇ ಕ್ಯಾನ್ಸರ್‌ನಿಂದ ಮೃತಪಟ್ಟಾಗ ಆತನ ಪತ್ನಿ ನ್ಯಾಯಾಲಯದ ಮೊರೆ ಹೋದರು. ಅಪಾಯದ ಅರಿವಿದ್ದೂ ಕಾರ್ಮಿಕರಿಗೆ ಎಚ್ಚರಿಕೆ ನೀಡದಿರುವುದು, ನಿಯತ ತಪಾಸಣೆ ನಡೆಸದಿರುವುದು ನಿರ್ಲಕ್ಷ್ಯವೆಂದು 1968ರಲ್ಲಿ ತೀರ್ಪು ಬಂತು. ಉದ್ಯೋಗದಾತರ ಹೊಣೆಯ ಬಗ್ಗೆ ಆಂಗ್ಲ ಕಾನೂನಿನಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ತೀರ್ಪಿದು.

ಇಂದಿನ ಎಣ್ಣೆ ಎಷ್ಟು ಸುರಕ್ಷಿತ?

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮಸಿ, ಕಲ್ಲಿದ್ದಲ ಟಾರ್ ಹಾಗೂ ಸಂಸ್ಕರಿಸದ ಅಥವಾ ಅಲ್ಪವಾಗಿ ಸಂಸ್ಕರಿಸಿದ ಖನಿಜ ತೈಲಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿನಲ್ಲಿ ಇರಿಸಿದೆ. ಚೆನ್ನಾಗಿ ಸಂಸ್ಕರಿಸಿದ ತೈಲಗಳು ಆ ಗುಂಪಿನಲ್ಲಿಲ್ಲ. ನೀರಿನೊಂದಿಗೆ ಬೆರೆಸಿ ಹಾಲಿನಂತೆ ಹರಿಸುವ ಇಂದಿನ ಕೂಲಂಟ್‌ಗಳು, ಮುಚ್ಚಿದ ಬಾಗಿಲಿನೊಳಗೆ ಕೆಲಸ ಮಾಡುವ ಸಿಎನ್‌ಸಿ ಯಂತ್ರಗಳು ಹಳೆಯ ಅಪಾಯವನ್ನು ಬಹಳಷ್ಟು ತಗ್ಗಿಸಿವೆ. ಆದುದರಿಂದ ಲೇತ್ ನಡೆಸುವವರೆಲ್ಲ ಗಾಬರಿಪಡಬೇಕಾದ ಕಾರಣವಿಲ್ಲ.

ಆದರೆ ಅಪಾಯ ಉಳಿಯುವ ಸಂದರ್ಭಗಳು ಇವೆ. ಅಗ್ಗದ, ಮೂಲ ತಿಳಿಯದ ಎಣ್ಣೆಯ ಬಳಕೆ. ಇಂಜಿನ್‌ನಿಂದ ತೆಗೆದ ಸುಟ್ಟ ಎಣ್ಣೆಯನ್ನು ಮತ್ತೆ ಬಳಸುವುದು. ಕಾಯಿಸಿದ ಲೋಹವನ್ನು ಎಣ್ಣೆಯಲ್ಲಿ ಅದ್ದುವ ಹೀಟ್ ಟ್ರೀಟ್‌ಮೆಂಟ್ ಕೆಲಸ. ಬಾಗಿಲಿಲ್ಲದ ಹಳೆಯ ಲೇತ್‌ಗಳು. ಭಟ್ಟಿಯ ಮಸಿ ಗುಡಿಸುವ ಕೆಲಸ ಇವು ಅಂಥವು. ಖಾನಾಪುರ ತಾಲ್ಲೂಕಿನ ಹಂಚು, ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವವರಿಗೂ ಮಸಿಯ ವಿಷಯದಲ್ಲಿ ಇದೇ ಮಾತು ಅನ್ವಯಿಸುತ್ತದೆ. ಎಣ್ಣೆಯ ಸಂಪರ್ಕಕ್ಕೂ ಕ್ಯಾನ್ಸರ್ ಕಾಣಿಸಿಕೊಳ್ಳುವುದಕ್ಕೂ ನಡುವೆ ಎರಡು ದಶಕಗಳಿಗಿಂತ ಹೆಚ್ಚು ಅಂತರವಿರಬಹುದು. ಕೆಲಸ ಬಿಟ್ಟು ಊರು ಸೇರಿದ ನಿವೃತ್ತ ಕಾರ್ಮಿಕನಿಗೂ ಅದು ಬರಬಹುದು. ಆತನ ಮುಂದೆ ಕುಳಿತ ವೈದ್ಯರಿಗೆ ಆತ ಮೂವತ್ತು ವರ್ಷ ಲೇತ್ ಮುಂದೆ ನಿಂತವನೆಂಬುದು ತಿಳಿದಿರುವುದಿಲ್ಲ. ಆ ಮಾತನ್ನು ರೋಗಿಯೇ ಹೇಳಬೇಕು.

ಎಚ್ಚರಿಸಬೇಕಾದ ಲಕ್ಷಣಗಳು

ಗಜಕರ್ಣ ಸಾಮಾನ್ಯವಾಗಿ ಎರಡೂ ತೊಡೆಸಂದಿಗಳಲ್ಲಿ ಹರಡುತ್ತದೆ, ಉಂಗುರದಂತೆ ಅಂಚಿನಲ್ಲಿ ಹೆಚ್ಚು ಕೆಂಪಾಗಿರುತ್ತದೆ, ವೃಷಣಚೀಲವನ್ನು ಬಹುಮಟ್ಟಿಗೆ ಬಿಟ್ಟು ತೊಡೆಯ ಕಡೆ ಸಾಗುತ್ತದೆ. ಮನೆಯ ಇನ್ನೊಬ್ಬರಿಗೂ ಅದು ಇರುವುದುಂಟು. ಇದಕ್ಕೆ ಭಿನ್ನವಾಗಿ ಒಂದೇ ಬದಿಯಲ್ಲಿ, ಚೀಲದ ಮೇಲೆಯೇ ನೆಲೆಯೂರಿದ ಮಚ್ಚೆ, ನಿಧಾನವಾಗಿ ದೊಡ್ಡದಾಗುವ ಗಟ್ಟಿ ಗುಳ್ಳೆ ಅಥವಾ ನರುಳ್ಳೆ, ಅಂಚು ದಪ್ಪಗಾದ ಹುಣ್ಣು, ರಕ್ತ ಅಥವಾ ದುರ್ವಾಸನೆಯ ಸ್ರಾವ, ಒಣಗಿದಂತೆ ಕಂಡು ಮತ್ತೆ ಒಡೆಯುವ ಗಾಯ ಇವು ಸಂಶಯಕ್ಕೆ ಎಡೆಮಾಡಬೇಕು. ಆರಂಭದಲ್ಲಿ ನೋವು ಇರದಿರುವುದೇ ಹೆಚ್ಚು. ‘ನೋವಿಲ್ಲ, ಆದ್ದರಿಂದ ಚಿಂತೆಯಿಲ್ಲ’ ಎಂಬ ಲೆಕ್ಕ ಇಲ್ಲಿ ತಪ್ಪು.

ತೊಡೆಸಂದಿಯಲ್ಲಿ ಗಂಟು ಕೈಗೆ ಸಿಕ್ಕರೆ ತಡಮಾಡಬಾರದು. ವೃಷಣಚೀಲದ ಚರ್ಮದ ಕ್ಯಾನ್ಸರ್ ಮೊದಲು ಹರಡುವುದು ಅಲ್ಲಿನ ದುಗ್ಧಗ್ರಂಥಿಗಳಿಗೆ. ಹುಣ್ಣಿಗೆ ಸೋಂಕು ತಗುಲಿದ್ದರೂ ಇದೇ ಗ್ರಂಥಿಗಳು ಊದಿಕೊಳ್ಳುವುದರಿಂದ ಇಲ್ಲಿಯೂ ಗೊಂದಲಕ್ಕೆ ಆಸ್ಪದವಿದೆ. ಯಾವುದೆಂದು ನಿರ್ಧರಿಸಬೇಕಾದುದು ಪರೀಕ್ಷೆ, ಊಹೆಯಲ್ಲ.

ನೆನಪಿಡಬೇಕಾದ ಸೂತ್ರ ಸರಳವಾಗಿದೆ. ಸೋಂಕೆಂದು ಭಾವಿಸಿ ವೈದ್ಯರ ಸಲಹೆಯಂತೆ ಸರಿಯಾದ ಔಷಧವನ್ನು ನಾಲ್ಕರಿಂದ ಆರು ವಾರ ಬಳಸಿದರೂ ಮಚ್ಚೆ ಅಥವಾ ಹುಣ್ಣು ಮಾಯದಿದ್ದಲ್ಲಿ ಮುಲಾಮು ಬದಲಿಸುವುದಲ್ಲ, ರೋಗವೇ ಬೇರೆಯೇ ಎಂದು ಪರೀಕ್ಷಿಸಬೇಕು.

ಪರೀಕ್ಷೆ ಮತ್ತು ಚಿಕಿತ್ಸೆ

ಚರ್ಮದ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿಯೊಂದಿಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಇದು ಅಗ್ಗದ, ಕೆಲವೇ ನಿಮಿಷಗಳ ಪರೀಕ್ಷೆ. ಎಳೆಗಳು ಕಾಣದಿದ್ದರೆ ಅಥವಾ ಚಿಕಿತ್ಸೆಗೆ ಬಗ್ಗದಿದ್ದರೆ ಮುಂದಿನದು ಬಯಾಪ್ಸಿ. ಆ ಭಾಗವನ್ನು ಚುಚ್ಚುಮದ್ದಿನಿಂದ ಮರಗಟ್ಟಿಸಿ, ಮೂರು-ನಾಲ್ಕು ಮಿಲಿಮೀಟರ್ ಅಗಲದ ಚರ್ಮದ ತುಣುಕನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಅಂದೇ ಮನೆಗೆ ಮರಳಬಹುದು. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಪುರುಷತ್ವಕ್ಕೆ ಧಕ್ಕೆಯಾಗುತ್ತದೆ ಎಂಬ ಭಯವೂ ನಿರಾಧಾರ.

ಚಿಕಿತ್ಸೆಯ ಮುಖ್ಯ ಮಾರ್ಗ ಶಸ್ತ್ರಕ್ರಿಯೆ. ಗಂಟನ್ನು ಸುತ್ತಲಿನ ಆರೋಗ್ಯವಂತ ಚರ್ಮದ ಅಂಚಿನೊಂದಿಗೆ ತೆಗೆದುಹಾಕಲಾಗುತ್ತದೆ. ಚೀಲದ ಚರ್ಮ ಸಡಿಲವಾಗಿರುವುದರಿಂದ ಬೇಗ ಕಂಡುಹಿಡಿದಲ್ಲಿ ಉಳಿದ ಚರ್ಮವನ್ನೇ ಹೊಲಿಯಲು ಸಾಧ್ಯ. ಸಾಮಾನ್ಯವಾಗಿ ವೃಷಣಗಳನ್ನು ತೆಗೆಯಬೇಕಾಗುವುದಿಲ್ಲ. ಗ್ರಂಥಿಗಳಿಗೆ ಹರಡಿದ್ದರೆ ಅವನ್ನೂ ತೆಗೆಯಬೇಕಾಗುತ್ತದೆ. ಆ ಹಂತದಲ್ಲಿ ಗುಣವಾಗುವ ಸಾಧ್ಯತೆ ಗಣನೀಯವಾಗಿ ಕುಗ್ಗುತ್ತದೆ. ಪ್ಯಾಜೆಟ್ ರೋಗ ಕಣ್ಣಿಗೆ ಕಾಣುವ ಅಂಚಿನಾಚೆಗೂ ಚರ್ಮದೊಳಗೆ ಹಬ್ಬಿರುವುದರಿಂದ ಮರುಕಳಿಸುವುದು ಹೆಚ್ಚು. ಕೆಲವರಲ್ಲಿ ಅದರೊಂದಿಗೆ ಪ್ರಾಸ್ಟೇಟ್, ಮೂತ್ರಕೋಶ ಅಥವಾ ಗುದನಾಳದ ಕ್ಯಾನ್ಸರ್ ಇರುವುದರಿಂದ ಆ ಅಂಗಗಳನ್ನೂ ಪರೀಕ್ಷಿಸಲಾಗುತ್ತದೆ.

ಚರ್ಮರೋಗ ಹಾಗೂ ಶಸ್ತ್ರಚಿಕಿತ್ಸಾ ವಿಭಾಗಗಳು ಬೆಳಗಾವಿಯಲ್ಲೇ ಬಿಮ್ಸ್ ಜಿಲ್ಲಾ ಆಸ್ಪತ್ರೆ ಮತ್ತು ಕೆಎಲ್ಇ ಆಸ್ಪತ್ರೆಗಳಲ್ಲಿವೆ. ಕ್ಯಾನ್ಸರ್ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರೂ ಇದ್ದಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ.

ಕಾನೂನು ಏನು ಹೇಳುತ್ತದೆ?

ಚರ್ಮದ ಈ ಕ್ಯಾನ್ಸರ್ ಅನ್ನು ಭಾರತದ ಕಾನೂನು ಔದ್ಯೋಗಿಕ ರೋಗವೆಂದು ಹಿಂದಿನಿಂದಲೂ ಗುರುತಿಸಿದೆ ಎಂಬುದು ಹಲವರಿಗೆ ತಿಳಿಯದು. 1948ರ ಕಾರ್ಖಾನೆಗಳ ಕಾಯ್ದೆಯ 3ನೇ ಅನುಸೂಚಿಯಲ್ಲಿ ಚರ್ಮದ ಪ್ರಾಥಮಿಕ ಕ್ಯಾನ್ಸರ್ ಹಾಗೂ ಖನಿಜ ತೈಲದಿಂದ ಬರುವ ಮೊಡವೆ, ಚರ್ಮದ ಉರಿಯೂತ ಎರಡೂ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳಾಗಿದ್ದವು. ಆ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ ಪಟ್ಟಿಯಲ್ಲಿಯೂ ಇವು ಉಳಿದುಕೊಂಡಿವೆ. ಇಂಥ ರೋಗಿಯನ್ನು ಕಂಡ ವೈದ್ಯರು ಅದನ್ನು ಅಧಿಕಾರಿಗಳಿಗೆ ತಿಳಿಸಬೇಕು. ಟಾರ್, ಪಿಚ್, ಬಿಟುಮೆನ್, ಖನಿಜ ತೈಲ ಮುಂತಾದವುಗಳಿಂದ ಬರುವ ಚರ್ಮದ ಕ್ಯಾನ್ಸರ್ ಪರಿಹಾರಕ್ಕೆ ಅರ್ಹವಾದ ರೋಗಗಳ ಪಟ್ಟಿಯಲ್ಲಿಯೂ ಇದೆ. ಇಎಸ್ಐ ವ್ಯಾಪ್ತಿಯಲ್ಲಿರುವವರು ಅಶೋಕ ನಗರದ ಇಎಸ್ಐ ಆಸ್ಪತ್ರೆಯಲ್ಲಿ ತಮ್ಮ ಕೆಲಸದ ವಿವರವನ್ನು ದಾಖಲಿಸುವಂತೆ ಕೇಳಿಕೊಳ್ಳಬೇಕು. ಚೀಟಿಯ ಮೇಲೆ ‘ಗಜಕರ್ಣ’ ಎಂದಷ್ಟೇ ಬರೆದಿದ್ದರೆ ಮುಂದೆ ಪರಿಹಾರ ಕೇಳಲು ಆಧಾರವೇ ಇರುವುದಿಲ್ಲ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಸಣ್ಣ ವರ್ಕ್‌ಶಾಪ್‌ಗಳು ಸಾಮಾನ್ಯವಾಗಿ ಈ ರಕ್ಷಣೆಗಳ ಹೊರಗೇ ಉಳಿಯುತ್ತವೆ. ಅಲ್ಲಿಯವರಿಗೆ ಸ್ವಂತ ಎಚ್ಚರಿಕೆಯೇ ಆಸರೆ.

ಆ ಎಚ್ಚರಿಕೆಗೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಲೇತ್ ಮುಂದೆ ನಿಲ್ಲುವಾಗ ಎಣ್ಣೆ ಹೀರದ ಏಪ್ರನ್ ಕಟ್ಟಿಕೊಳ್ಳುವುದು, ಎಣ್ಣೆ ಹಿಡಿದ ಬನಿಯನ್ ವೇಸ್ಟನ್ನು ಜೇಬಿನಲ್ಲಿ ಇಡದಿರುವುದು, ಪಾಳಿ ಮುಗಿದೊಡನೆ ಬಟ್ಟೆ ಬದಲಿಸಿ ಸಾಬೂನಿನಿಂದ ಮೈ ತೊಳೆಯುವುದು, ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ಚರ್ಮ ಉಜ್ಜದಿರುವುದು, ಒಳಉಡುಪನ್ನು ನಿತ್ಯ ಒಗೆದು ಬಿಸಿಲಿಗೆ ಹಾಕುವುದು ಮುಖ್ಯ. ಮಾಲೀಕರು ಮೈ ತೊಳೆಯಲು ನೀರು ಮತ್ತು ಜಾಗ ಒದಗಿಸಿದರೆ, ಕೊಳ್ಳುವ ಎಣ್ಣೆಯ ಸುರಕ್ಷತಾ ವಿವರ ಪತ್ರ ಕೇಳಿ ಪಡೆದರೆ ಅರ್ಧ ಕೆಲಸ ಮುಗಿದಂತೆ. ಸ್ನಾನ ಮಾಡುವಾಗ ತಿಂಗಳಿಗೊಮ್ಮೆ ಚೀಲದ ಚರ್ಮವನ್ನು ಕೈಯಿಂದ ಮುಟ್ಟಿ, ಬೇಕಿದ್ದರೆ ಕನ್ನಡಿ ಹಿಡಿದು ನೋಡಿಕೊಳ್ಳುವುದು ಒಂದು ನಿಮಿಷದ ಮಾತು. ಮೂರನೆಯ ಟ್ಯೂಬ್ ಕೊಳ್ಳುವ ಮೊದಲು ಚರ್ಮವೈದ್ಯರಿಗೆ ತೋರಿಸುವುದು, ತೋರಿಸುವಾಗ ತಾನು ಮಾಡುವ ಕೆಲಸವನ್ನೂ ಹೇಳುವುದು ಜೀವ ಉಳಿಸಬಲ್ಲ ಕ್ರಮ.